ಸಂಧ್ಯಾವಂದನೆ ಎರಡೂವರೆ ಗಂಟೆಯಾದರೂ ಮುಗಿಯುತ್ತಿಲ್ಲ

ಪ್ರಶ್ನೆ: ನಮ್ಮ ಮಗನಿಗೆ 26 ವರ್ಷ. ಎಂಟನೇ ವರ್ಷಕ್ಕೆ ಉಪನಯನ ಆಗಿದೆ. ಸಾಫ್ಟ್‌ವೇರ್ ಕೆಲಸ, ಹೆಚ್ಚಾಗಿ ಮನೆಯಿಂದಲೇ. ಮೊದಲೆಲ್ಲ ಇಪ್ಪತ್ತು ನಿಮಿಷದಲ್ಲಿ ಸಂಧ್ಯಾವಂದನೆ ಮುಗಿಸಿ ಏಳುತ್ತಿದ್ದ. ಎರಡು ವರ್ಷದ ಹಿಂದೆ ನಮ್ಮ ಯಜಮಾನರಿಗೆ ಹೃದಯದಲ್ಲಿ ಸ್ಟೆಂಟ್ ಹಾಕಿದರು. ಆಮೇಲಿಂದ ಹೀಗಾಗಿದ್ದಾನೆ. ಈಗ ಬೆಳಗಿನ ಸಂಧ್ಯಾವಂದನೆಗೇ ಎರಡೂವರೆ ಗಂಟೆ ಬೇಕು. ಆಚಮನದ ನೀರು ಹೆಚ್ಚಾಯಿತು, ಅರ್ಘ್ಯದ ಹನಿ ಕಾಲಿಗೆ ಸಿಡಿಯಿತು, ಸ್ವರ ತಪ್ಪಿತು ಅಂತ ಮತ್ತೆ ಮೊದಲಿಂದ ಶುರು ಮಾಡುತ್ತಾನೆ. ಬಾಲ್ಕನಿಯಲ್ಲಿ ಒಣಗಿಸಿದ ಮಡಿಪಂಚೆಗೆ ಏನಾದರೂ ತಾಗಿರಬಹುದು ಅಂತ ಮೂರು ಮೂರು ಸಲ ಸ್ನಾನ. "ಅಮ್ಮಾ, ತಾಗಿಲ್ಲ ತಾನೇ?" ಎಂದು ದಿನಕ್ಕೆ ನಲವತ್ತು ಸಲ ಕೇಳುತ್ತಾನೆ. ಕೈ ಚರ್ಮ ಬಿರಿದು ರಕ್ತ ಬರುತ್ತದೆ. ಮಂತ್ರ ತಪ್ಪಿದರೆ ಅಪ್ಪನಿಗೆ ಏನಾದರೂ ಆಗುತ್ತದೆ ಎಂದು ಅಳುತ್ತಾನೆ. ನಮ್ಮ ಅತ್ತೆಯವರು "ಈ ಕಾಲದಲ್ಲಿ ಇಂಥ ನಿಷ್ಠೆ ಯಾರಿಗಿದೆ" ಅನ್ನುತ್ತಾರೆ. ಯಜಮಾನರು "ಜನಿವಾರ ತೆಗೆದಿಡು" ಎಂದು ಬೈಯುತ್ತಾರೆ. ಜಾತಕ ಕಳಿಸಿದ್ದೇನೆ. ಇದು ಯಾವ ದೋಷ? ಯಾವ ಶಾಂತಿ ಮಾಡಿಸಬೇಕು? ಮದುವೆ ಮಾಡಿದರೆ ಸರಿಹೋಗುತ್ತದೆಯೇ?
(ಒಬ್ಬ ತಾಯಿ, ಬೆಂಗಳೂರು. ಹೆಸರು ಪ್ರಕಟಿಸಬೇಡಿ ಎಂದಿದ್ದಾರೆ.)

ಉತ್ತರ: ತಾಯಿ, ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟು ನಿಮ್ಮೊಬ್ಬರ ಕಾಗದಕ್ಕೇ ಉತ್ತರ ಬರೆಯುತ್ತಿದ್ದೇನೆ. ದೀಪದ ಬತ್ತಿ ಯಾವ ದಿಕ್ಕಿಗಿರಬೇಕು ಎಂದು ಕೇಳಿದವರು ಒಂದು ತಿಂಗಳು ಕಾಯಬಹುದು.

ಮೊದಲು ನಿಮ್ಮ ಅತ್ತೆಯವರಿಗೆ ಒಂದು ಮಾತು. ಹಿರಿಯರು, ಮೊಮ್ಮಗನ ಮೇಲಿನ ಅಭಿಮಾನದಿಂದ ಹೇಳುತ್ತಾರೆ. ಆದರೆ ಇದು ನಿಷ್ಠೆ ಅಲ್ಲಮ್ಮ. ನಿಷ್ಠೆ ಹೇಗಿರುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಪಾಠಶಾಲೆಯಲ್ಲಿ ನಮ್ಮ ಗುರುಗಳು ಬಹಳ ಕಟ್ಟುನಿಟ್ಟು. ಸ್ವರ ಒಂದಿಷ್ಟು ಕೆಳಗೆ ಬಿದ್ದರೂ ಅವರ ಹುಬ್ಬು ಮೇಲೇರುತ್ತಿತ್ತು. ಅಂಥವರ ಜೊತೆ ಒಮ್ಮೆ ಬಸ್ಸಿನಲ್ಲಿ ಹೋಗುವಾಗ ದಾರಿಯಲ್ಲೇ ಸಂಜೆಯಾಯಿತು. ಬಸ್ ಸ್ಟ್ಯಾಂಡಿನ ನಲ್ಲಿಯಲ್ಲಿ ಕೈಕಾಲು ತೊಳೆದರು, ಚೊಂಬಿನಲ್ಲಿ ನೀರು ಹಿಡಿದು ಒಂದು ಮೂಲೆಯಲ್ಲಿ ನಿಂತು ಅರ್ಘ್ಯ ಬಿಟ್ಟರು, ಹತ್ತು ಗಾಯತ್ರಿ ಮಾಡಿದರು. ಐದೇ ನಿಮಿಷ. ಬಂದು ಕೂತು ಕಡ್ಲೆಕಾಯಿ ಬಿಡಿಸಿ ನನಗೂ ಕೊಟ್ಟರು. "ಗುರುಗಳೇ, ಇಷ್ಟಕ್ಕೆ ಆಯಿತೇ?" ಎಂದು ಕೇಳಿದೆ. "ಆಯಿತಲ್ಲ" ಎಂದರು, ಅಷ್ಟೆ. ಮನೆಯಲ್ಲಿ ಒಂದು ಗಂಟೆ ಕೂರುವವರು ಅವರೇ, ಬಸ್ ಸ್ಟ್ಯಾಂಡಿನಲ್ಲಿ ಐದು ನಿಮಿಷಕ್ಕೆ ಮುಗಿಸಿದವರೂ ಅವರೇ. ಎರಡು ಕಡೆಯೂ ಎದ್ದಾಗ ಮುಖ ಒಂದೇ ತರಹ ಇತ್ತು. ನಿಮ್ಮ ಮಗ ಎದ್ದಾಗ ಮುಖ ಹೇಗಿರುತ್ತದೆ, ನೀವೇ ನೆನಪು ಮಾಡಿಕೊಳ್ಳಿ.

ನಿಮ್ಮ ಯಜಮಾನರಿಗೂ ಒಂದು ಮಾತು. ಬೈದರೆ ಇದು ಹೋಗುವುದಿಲ್ಲ. ಅವನು ಹಠ ಮಾಡುತ್ತಿಲ್ಲ. ನಿಲ್ಲಿಸಬೇಕು ಅಂತ ಅವನಿಗೇ ನಿಮಗಿಂತ ಹೆಚ್ಚು ಆಸೆ ಇರುತ್ತದೆ, ಆಗುತ್ತಿಲ್ಲ. ಜೊತೆಗೆ ಅವನು ಹೆದರುತ್ತಿರುವುದೇ ತಮ್ಮ ಪ್ರಾಣಕ್ಕಾಗಿ ಎಂಬುದು ಅವರ ಮನಸ್ಸಿನಲ್ಲಿರಲಿ.

ಈಗ ನಾನು ಒಂದು ವಿಷಯ ಒಪ್ಪಿಕೊಳ್ಳಬೇಕು. ಸುಮಾರು ಇಪ್ಪತ್ತೈದು ವರ್ಷದ ಹಿಂದೆ ಇದೇ ತರಹದ ಒಬ್ಬ ಹುಡುಗನನ್ನು ತಂದೆತಾಯಿ ನನ್ನಲ್ಲಿಗೆ ಕರೆತಂದಿದ್ದರು. ಬ್ಯಾಂಕಿನಲ್ಲಿ ಗುಮಾಸ್ತನ ಕೆಲಸ. ಕೈ ತೊಳೆಯುವುದು, ಮತ್ತೆ ತೊಳೆಯುವುದು. ಸಂಕಲ್ಪದಲ್ಲಿ ತಿಥಿ ಹೇಳುವಾಗ ಸಿಕ್ಕಿಹಾಕಿಕೊಳ್ಳುವುದು. ನಾನು ಜಾತಕ ನೋಡಿದೆ. ಶನಿದಶೆ ನಡೆಯುತ್ತಿತ್ತು, ಚಂದ್ರ ದುರ್ಬಲ. ಇನ್ನೇನು ಬೇಕು? ಶನಿಶಾಂತಿ ಮಾಡಿಸಿದೆ. ಅದು ಸಾಲದು ಅಂತ 48 ದಿನ, ದಿನಕ್ಕೆ 1008 ಗಾಯತ್ರಿ ಜಪ ಹೇಳಿಕೊಟ್ಟೆ. ಒಳ್ಳೆಯದಾಗಲಿ ಅಂತಲೇ ಹೇಳಿದ್ದು. ಆ ಹುಡುಗ ಜಪಕ್ಕೆ ಕೂತ. 300ಕ್ಕೆ ಬಂದಾಗ ಎಣಿಕೆ ತಪ್ಪಿತೇನೋ ಅನ್ನಿಸಿ ಮತ್ತೆ ಒಂದರಿಂದ. 700ಕ್ಕೆ ಬಂದಾಗ ಒಂದು ಅಕ್ಷರ ನುಂಗಿದೆನೇನೋ ಅನ್ನಿಸಿ ಮತ್ತೆ ಒಂದರಿಂದ. ಮಧ್ಯಾಹ್ನದವರೆಗೂ ಕೂರುವುದಾಯಿತು, ಊಟ ಬಿಟ್ಟ, ಕೆಲಸಕ್ಕೆ ಹೋಗುವುದು ನಿಂತಿತು. ಕೊನೆಗೆ ಸರ್ಕಾರಿ ಆಸ್ಪತ್ರೆಯ ಒಬ್ಬ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರು. ಆ ವೈದ್ಯರು ನನಗೆ ಹೇಳಿಕಳಿಸಿ, ಎದುರು ಕೂರಿಸಿ, "ಶಾಸ್ತ್ರಿಗಳೇ, ಉರಿಯುವ ಬೆಂಕಿಗೆ ತುಪ್ಪ ಹಾಕಿದ್ದೀರಿ" ಎಂದರು. ನನಗೆ ಕೋಪ ಬಂತು. ಮನೆಗೆ ಬಂದ ಮೇಲೆ ಕೋಪ ಇಳಿದು ನಾಚಿಕೆಯಾಯಿತು. ಆ ಹುಡುಗ ಈಗ ಸಂಸಾರಸ್ಥ, ಚೆನ್ನಾಗಿದ್ದಾನೆ. ಹಾಗೆ ಆದದ್ದು ಆ ವೈದ್ಯರಿಂದ, ನನ್ನಿಂದಲ್ಲ.

ಅದಕ್ಕೇ ನಿಮ್ಮ ಮಗನ ಜಾತಕ ನೋಡಿದ್ದೇನಾದರೂ ಶಾಂತಿ ಯಾವುದನ್ನೂ ಬರೆಯುತ್ತಿಲ್ಲ. ಚಂದ್ರನಿಗೆ ಶನಿಯ ದೃಷ್ಟಿ ಇದೆ, ನಿಜ. ಇದೇ ದೃಷ್ಟಿ ಇರುವ ಎಷ್ಟೋ ಜನ ಆರಾಮಾಗಿ ಊಟ ಮಾಡಿ ನಿದ್ದೆ ಮಾಡುತ್ತಿದ್ದಾರೆ. ಈಗ ಒಂದು ಹೋಮ ಮಾಡಿಸಿದರೆ ಏನಾಗುತ್ತದೆ ಗೊತ್ತೇ? ಸಮಿತ್ತು ಸರಿಯಿತ್ತೇ, ಪೂರ್ಣಾಹುತಿ ಸರಿಯಾಗಿ ಬಿತ್ತೇ, ಪುರೋಹಿತರ ಬಟ್ಟೆ ಮಡಿಯಿತ್ತೇ ಅಂತ ಅವನಿಗೆ ಇನ್ನೊಂದು ಸಂದೇಹದ ಗಂಟು ಕೊಟ್ಟ ಹಾಗೆ. ಯಾರಾದರೂ "ಹದಿನೈದು ಸಾವಿರ ಕೊಡಿ, ಶಾಂತಿ ಮಾಡಿ ಸರಿಮಾಡುತ್ತೇನೆ" ಎಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಇದಕ್ಕೆ ವೈದ್ಯರು ಓಸಿಡಿ ಎನ್ನುತ್ತಾರೆ, ಕನ್ನಡದಲ್ಲಿ ಗೀಳು ಕಾಯಿಲೆ. ಬೇಡವೆಂದರೂ ಒಂದು ಯೋಚನೆ ತಲೆಗೆ ನುಗ್ಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಆ ಭಯ ಇಳಿಸಲು ಒಂದು ಕೆಲಸ ಮಾಡಬೇಕಾಗುತ್ತದೆ. ಮಾಡಿದ ಕ್ಷಣ ಸಮಾಧಾನ, ಹತ್ತು ನಿಮಿಷಕ್ಕೆ ಮತ್ತೆ ಭಯ. ದೇವರ ಗೊಡವೆಯೇ ಇಲ್ಲದವರಿಗೆ ಇದು ಗ್ಯಾಸ್ ನಾಬು, ಬಾಗಿಲ ಬೀಗದ ರೂಪದಲ್ಲಿ ಬರುತ್ತದೆ. ಬೇರೆ ಧರ್ಮದವರಿಗೆ ಅವರ ಪ್ರಾರ್ಥನೆಯಲ್ಲಿ ಬರುತ್ತದೆ. ನಿಮ್ಮ ಮಗನಿಗೆ ಪ್ರಿಯವಾದದ್ದು ಸಂಧ್ಯಾವಂದನೆ ಮತ್ತು ಅವನ ಅಪ್ಪ, ಅದಕ್ಕೇ ಅವೆರಡನ್ನೇ ಹಿಡಿದುಕೊಂಡಿದೆ. ಸಂಧ್ಯಾವಂದನೆಯಿಂದ ಬಂದ ಕಾಯಿಲೆ ಇದಲ್ಲ. ಹಾಗೆಯೇ ಸಂಧ್ಯಾವಂದನೆ ಹೆಚ್ಚು ಮಾಡಿದರೆ ಹೋಗುವ ಕಾಯಿಲೆಯೂ ಅಲ್ಲ.

ಇಲ್ಲಿಂದ ಮುಂದಿನ ಭಾಗ ಮಗನಿಗೇ ಓದಲು ಕೊಡಿ.

ಮಗು, ನೀನು ಶಾಸ್ತ್ರಕ್ಕೆ ಹೆದರುತ್ತೀಯಲ್ಲ, ಶಾಸ್ತ್ರ ಏನು ಹೇಳುತ್ತದೆ ಅಂತಲೇ ನೋಡೋಣ. ಆಚಮನ ಎಷ್ಟು ಸಲ? ಮೂರು. ಬೆಳಗಿನ ಅರ್ಘ್ಯ? ಮೂರು. ಗಾಯತ್ರಿ? ಸಾವಿರವಾದರೆ ಉತ್ತಮ, ನೂರಾದರೆ ಮಧ್ಯಮ, ಕೊನೆಗೆ ಹತ್ತಾದರೂ ಸರಿ. ಶೌಚಕ್ಕೆ ಮಣ್ಣು ಹಚ್ಚಿ ತೊಳೆಯುವುದಕ್ಕೂ ಮನುಸ್ಮೃತಿ ಲೆಕ್ಕ ಕೊಟ್ಟಿದೆ, ಎಡಗೈಗೆ ಹತ್ತು, ಎರಡೂ ಕೈಗೆ ಏಳು ಅಂತ. ಎಲ್ಲದಕ್ಕೂ ಯಾಕೆ ಹೀಗೆ ಎಣಿಕೆ? ಚಿಕ್ಕವನಿದ್ದಾಗ ನಾನು, ಅದಕ್ಕಿಂತ ಕಡಿಮೆ ಮಾಡಬಾರದು ಅಂತ ಮಾತ್ರ ತಿಳಿದಿದ್ದೆ. ಆಮೇಲೆ ಅರ್ಥವಾಯಿತು, ಅಷ್ಟಾದ ಮೇಲೆ ನಿಲ್ಲಿಸು ಅಂತಲೂ ಅದೇ ಎಣಿಕೆ ಹೇಳುತ್ತಿದೆ. ಮೂರು ಆಚಮನ ಎಂದರೆ ನಾಲ್ಕನೆಯದು ವಿಧಿಯಲ್ಲಿಲ್ಲ. ನೀನು ಮೂವತ್ತು ಮಾಡಿದರೆ ಇಪ್ಪತ್ತೇಳು ಶಾಸ್ತ್ರದ್ದಲ್ಲ, ಕಾಯಿಲೆಯದ್ದು. ಶಾಸ್ತ್ರದ ವಿಧಿಗೆ ಒಂದು ಕೊನೆ ಇದೆ. ನಿನ್ನ ಸಂದೇಹಕ್ಕೆ ಕೊನೆ ಇಲ್ಲ. ಈ ಎರಡರಲ್ಲಿ ಯಾವುದು ಮಾತಾಡುತ್ತಿದೆ ಅಂತ ಗುರುತಿಸಲು ಇದೊಂದು ಸಾಕು.

ಆಚಮನದ ನೀರು ಉದ್ದಿನ ಕಾಳು ಮುಳುಗುವಷ್ಟು ಎಂದು ಎಲ್ಲೋ ಓದಿರುತ್ತೀಯ. ಇಷ್ಟು ವರ್ಷದಲ್ಲಿ ನಾನು ನೋಡಿದ ವೈದಿಕರಲ್ಲಿ ಒಬ್ಬರೂ ಅಂಗೈಯಲ್ಲಿ ಉದ್ದಿನ ಕಾಳು ಇಟ್ಟು ಅಳೆದವರಿಲ್ಲ. ಗುಟುಕರಿಸಬೇಡ, ಸ್ವಲ್ಪ ತಗೋ ಅಂತ ಅದರ ಅರ್ಥ. ಅರ್ಘ್ಯದ ಹನಿ ಕಾಲಿಗೆ ಸಿಡಿದರೆ? ಸಿಡಿಯುತ್ತದಪ್ಪ. ನೀರು ಮೇಲಿಂದ ಬಿದ್ದರೆ ಸಿಡಿಯದೆ ಇನ್ನೇನು? ಮುಂದಿನದಕ್ಕೆ ಹೋಗು.

ಸ್ವರದ ವಿಷಯ. ನಿನ್ನನ್ನು ಹೆದರಿಸಿರುವುದು ತ್ವಷ್ಟೃವಿನ ಕಥೆ ಇರಬೇಕು, ಎಲ್ಲರೂ ಅದನ್ನೇ ಹೇಳುತ್ತಾರೆ. ತೈತ್ತಿರೀಯ ಸಂಹಿತೆಯಲ್ಲಿ ಬರುವ ಕಥೆ. ಮಗನನ್ನು ಇಂದ್ರ ಕೊಂದನೆಂಬ ಸಿಟ್ಟಿಗೆ, ಇಂದ್ರನನ್ನು ಕೊಲ್ಲುವವನು ಹುಟ್ಟಲಿ ಅಂತ ತ್ವಷ್ಟೃ ಆಹುತಿ ಹಾಕಿದ. 'ಇಂದ್ರಶತ್ರು' ಎಂಬ ಪದದಲ್ಲಿ ಉದಾತ್ತ ಕೊನೆಗೆ ಬರಬೇಕಿತ್ತು, ಮೊದಲಿಗೆ ಬಂತು. ಇಂದ್ರನನ್ನು ಕೊಲ್ಲುವವನು ಎಂಬುದರ ಬದಲು ಇಂದ್ರನಿಂದ ಕೊಲ್ಲಲ್ಪಡುವವನು ಎಂಬ ಅರ್ಥವಾಗಿ ವೃತ್ರನೇ ಸತ್ತ. ನಮ್ಮ ಪಾಠಶಾಲೆಯಲ್ಲೂ ಹುಡುಗರು ಪಾಠದಲ್ಲಿ ಉದಾಸೀನ ಮಾಡಬಾರದು ಅಂತ ಇದನ್ನು ಹೇಳುತ್ತಿದ್ದರು. ಆದರೆ ಕಥೆ ಯಾವುದರದು ಅಂತ ಗಮನಿಸು. ಒಬ್ಬನನ್ನು ಕೊಲ್ಲಿಸಬೇಕೆಂಬ ಆಸೆಯಿಂದ ಮಾಡಿದ ಕರ್ಮ ಅದು. ನೀನು ಸೂರ್ಯನಿಗೆ ನೀರು ಬಿಡುವುದು ಯಾರನ್ನು ಕೊಲ್ಲಲಿಕ್ಕೆ? ಅಲ್ಲಿ ಹಾಳಾದದ್ದೂ ಕೇಡಿನ ಉದ್ದೇಶವೇ ಹೊರತು ಯಾರ ಅಪ್ಪನ ಆಯುಸ್ಸೂ ಅಲ್ಲ.

ಹಿಂದಿನವರು ಇದನ್ನು ಬಹಳ ಯೋಚಿಸಿದ್ದಾರೆ. ಜೈಮಿನಿಯ ಪೂರ್ವಮೀಮಾಂಸೆಯಲ್ಲಿ ಆರನೇ ಅಧ್ಯಾಯದ ಮೂರನೇ ಪಾದ ಈ ಚರ್ಚೆಯಿಂದಲೇ ಶುರುವಾಗುತ್ತದೆ. ಅಗ್ನಿಹೋತ್ರದಂಥ ನಿತ್ಯಕರ್ಮದಲ್ಲಿ ಎಲ್ಲ ಅಂಗಗಳನ್ನೂ ನಡೆಸಲಾಗದಿದ್ದರೆ ಏನು ಗತಿ? ಫಲ ಬಯಸಿ ಮಾಡುವ ಕಾಮ್ಯಕರ್ಮವಾದರೆ ಎಲ್ಲ ಅಂಗವೂ ಪೂರ್ತಿ ಇರಬೇಕು. ನಿತ್ಯಕರ್ಮವನ್ನಾದರೋ ಜೀವ ಇರುವವರೆಗೂ ಮಾಡಬೇಕು, ಆದ್ದರಿಂದ ಶಕ್ತಿ ಇದ್ದಷ್ಟು ಅಂಗಗಳೊಡನೆ ಮಾಡಿದರೂ ಆಯಿತು ಎಂದು ಅಲ್ಲಿಯ ನಿರ್ಣಯ. ಅದೇ ಪಾದದಲ್ಲಿ ಪ್ರತಿನಿಧಿಯ ವಿಚಾರವೂ ಬರುತ್ತದೆ. ವ್ರೀಹಿ ಸಿಗದಿದ್ದರೆ ನೀವಾರ, ಅಂದರೆ ಬತ್ತ ಇಲ್ಲದಿದ್ದರೆ ಕಾಡುಬತ್ತ ತಂದು ಮುಗಿಸು, ಕರ್ಮ ನಿಲ್ಲಿಸಬೇಡ. ಸಂಧ್ಯಾವಂದನೆ ನಿತ್ಯಕರ್ಮ. ನಾವು ದಿನಾ ಬಾಯಲ್ಲಿ 'ಯಥಾಶಕ್ತಿ' ಅಂತ ಹೇಳುತ್ತೇವಲ್ಲ, ಅದು ವಿನಯಕ್ಕೆ ಹೇಳುವ ಮಾತಲ್ಲ, ಅದೇ ನ್ಯಾಯ. ಅಪ್ಪ ಬದುಕಿರಲಿ ಅಂತ ಸಂಧ್ಯಾವಂದನೆ ಮಾಡಲು ಹೊರಟರೆ ನೀನು ನಿತ್ಯವನ್ನು ಕಾಮ್ಯ ಮಾಡಿಕೊಂಡೆ. ಅದಕ್ಕೇ ಪ್ರತಿಯೊಂದು ಅಂಗವೂ ನಿನ್ನ ಕುತ್ತಿಗೆ ಹಿಡಿಯುತ್ತಿದೆ.

ಹೊತ್ತು ಮೀರಿತೇ? ಒಂದು ಅರ್ಘ್ಯ ಹೆಚ್ಚು ಕೊಡು, ಮುಗಿಯಿತು. ಎರಡೂವರೆ ಗಂಟೆ ಕೂತು ಪಶ್ಚಾತ್ತಾಪ ಪಡು ಅಂತ ಯಾವ ಪ್ರಯೋಗ ಪುಸ್ತಕದಲ್ಲೂ ನಾನು ಓದಿಲ್ಲ. ಪೂಜೆಯಲ್ಲಿ ವಸ್ತ್ರ ಇಲ್ಲ, ಆಭರಣ ಇಲ್ಲ, ಅಕ್ಷತೆ ಹಾಕುತ್ತೇವೆ. ಸ್ನಾನಕ್ಕೆ ಶಕ್ತಿ ಇಲ್ಲದವನಿಗೆ ಭಸ್ಮಸ್ನಾನ, ಮಂತ್ರಸ್ನಾನ, ಕೊನೆಗೆ ಬರೀ ಮನಸ್ಸಿನಲ್ಲಿ ಸ್ಮರಿಸುವ ಮಾನಸಸ್ನಾನದವರೆಗೂ ಹೇಳಿದ್ದಾರೆ. ಎಲ್ಲ ಮುಗಿದ ಮೇಲೆ, ಮಂತ್ರದಲ್ಲಿ ಕ್ರಿಯೆಯಲ್ಲಿ ಕೊರತೆ ಬಂದಿದ್ದರೆ ಭಗವಂತನ ನಾಮಸ್ಮರಣೆಯಿಂದ ತುಂಬಲಿ ಎಂದು ಬೇಡಿ ನೀರು ಬಿಡುತ್ತೇವೆ. ಆ ಪ್ರಾರ್ಥನೆಯನ್ನು ಪ್ರಯೋಗದೊಳಗೇ ಇಟ್ಟಿದ್ದಾರೆ, ದಿನಾ, ಎಲ್ಲರಿಗೂ, ನಮ್ಮ ಗುರುಗಳಂಥವರಿಗೂ. ಕೊರತೆ ಇದ್ದೇ ಇರುತ್ತದೆ ಅಂತ ಗೊತ್ತಿದ್ದವರು ಮಾತ್ರ ಹಾಗೆ ಇಡುತ್ತಾರೆ. ನೀನು ಮೊದಲಿಂದ ಶುರು ಮಾಡಿದಾಗಲೆಲ್ಲ ಆ ಪ್ರಾರ್ಥನೆ ಕೆಲಸಕ್ಕೆ ಬಾರದ್ದು ಅಂತ ನೀನೇ ತೀರ್ಪು ಕೊಟ್ಟ ಹಾಗಾಗುತ್ತದೆ.

ಇನ್ನು ಮಡಿಪಂಚೆ. ಶುದ್ಧ ಯಾವುದು ಎಂಬುದಕ್ಕೆ ಮನು ಐದನೇ ಅಧ್ಯಾಯದಲ್ಲಿ ಮೂರನ್ನು ಹೇಳುತ್ತಾನೆ. ಅಶುದ್ಧವಾದದ್ದು ಕಣ್ಣಿಗೆ ಕಾಣದೆ ಇರುವುದು, ನೀರಲ್ಲಿ ತೊಳೆದದ್ದು, ಬಾಯಿಮಾತಿನಿಂದ ಶುದ್ಧ ಎಂದು ಹೇಳಿಸಿಕೊಂಡದ್ದು. ಮೊದಲನೆಯದನ್ನು ಎರಡು ಸಲ ಓದು. ತಾಗಿದ್ದನ್ನು ನೀನು ನೋಡಲಿಲ್ಲವೆಂದರೆ ಅದು ಶುದ್ಧ. 'ತಾಗಿರಬಹುದು' ಎಂಬುದಕ್ಕೆ ಧರ್ಮಶಾಸ್ತ್ರದಲ್ಲಿ ಜಾಗವೇ ಕೊಟ್ಟಿಲ್ಲ. ಕೊಟ್ಟಿದ್ದರೆ ಈ ಪ್ರಪಂಚದಲ್ಲಿ ಯಾರೂ ಒಂದು ತುತ್ತು ಅನ್ನ ತಿನ್ನುವ ಹಾಗಿರಲಿಲ್ಲ.

ಆದ್ದರಿಂದ ನನ್ನ ನಿರ್ಣಯ ಇಷ್ಟು. ಸ್ನಾನ ಒಂದು. ಆಚಮನ ವಿಧಿ ಹೇಳಿದ ಕಡೆ ಮಾತ್ರ. ಗಾಯತ್ರಿ ಹತ್ತು, ಬೆರಳಲ್ಲಿ ಎಣಿಸು. ಎಣಿಕೆ ತಪ್ಪಿತು ಅನ್ನಿಸಿದರೆ ಹಿಂದಕ್ಕೆ ಹೋಗುವ ಹಾಗಿಲ್ಲ, ಮುಂದಕ್ಕೆ ಮಾತ್ರ. ಪಾಠಶಾಲೆಯಲ್ಲಿ ಪಾರಾಯಣದ ನಡುವೆ ತಪ್ಪಿದರೆ ಗುರುಗಳು ಆ ಪದ ತಿದ್ದಿ ಮುಂದೆ ಸಾಗು ಎನ್ನುತ್ತಿದ್ದರು. ಪ್ರಶ್ನದ ಮೊದಲಿಗೆ ಹೋಗು ಅಂದಿದ್ದರೆ ನಾವು ಇವತ್ತಿಗೂ ಮೊದಲನೇ ಪ್ರಶ್ನದಲ್ಲೇ ಇರುತ್ತಿದ್ದೆವು. ಇಪ್ಪತ್ತು ನಿಮಿಷವಾದ ಮೇಲೆ, ಎಲ್ಲಿದ್ದರೆ ಅಲ್ಲಿ, ಅರ್ಪಣೆಯ ನೀರು ಬಿಟ್ಟು ಏಳು. ಎದ್ದಾಗ ಮೈ ನಡುಗುತ್ತದೆ, ಅಪ್ಪನಿಗೆ ಏನೋ ಆಗಿಬಿಡುತ್ತದೆ ಅನ್ನಿಸುತ್ತದೆ. ಅನ್ನಿಸಲಿ. ನಡುಗುತ್ತಲೇ ಹೋಗಿ ತಿಂಡಿ ತಿನ್ನು. ದೋಷ ಏನಾದರೂ ಇದ್ದರೆ ನಿರ್ಣಯ ಕೊಟ್ಟ ನನಗಿರಲಿ. ಇದು ಮೊದಲ ದಿನವೇ ಆಗದಿದ್ದರೆ ಅದನ್ನೇ ಇನ್ನೊಂದು ಪಾಪ ಮಾಡಿಕೊಂಡು ಕೂರಬೇಡ.

ತಾಯಿ, ಇನ್ನು ನಿಮಗೆ. ನಾನು ಬರೆದದ್ದು ಅಪ್ಪಣೆ ಅಷ್ಟೆ, ಚಿಕಿತ್ಸೆ ಅಲ್ಲ. ಚಿಕಿತ್ಸೆಗೆ ಮನೋವೈದ್ಯರ ಹತ್ತಿರ ಹೋಗಲೇಬೇಕು. ನೀವು ಬೆಂಗಳೂರಿನಲ್ಲೇ ಇದ್ದೀರಿ, ನಿಮ್ಹಾನ್ಸ್‌ನಲ್ಲಿ ಈ ಒಂದು ಕಾಯಿಲೆಗೇ ಪ್ರತ್ಯೇಕ ಕ್ಲಿನಿಕ್ ಇದೆ. ಕರೆದುಕೊಂಡು ಹೋಗುವ ಮೊದಲು ಮಾತಾಡಬೇಕೆನ್ನಿಸಿದರೆ ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ 14416. ಯಾವ ಹೊತ್ತಿನಲ್ಲಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮಾತ್ರೆ ಕೊಟ್ಟರೆ ಗುಣ ಕಾಣಲು ವಾರಗಳು ಬೇಕು, ಎರಡು ತಿಂಗಳೂ ಆಗಬಹುದು. ನಾಲ್ಕು ದಿನಕ್ಕೆ ನಿಲ್ಲಿಸಬೇಡಿ. ಮಾತ್ರೆಯ ಜೊತೆ ಒಂದು ಅಭ್ಯಾಸವನ್ನೂ ಮಾಡಿಸುತ್ತಾರೆ. ಭಯ ಬರುವ ಕೆಲಸಕ್ಕೇ ಸ್ವಲ್ಪ ಸ್ವಲ್ಪವಾಗಿ ಎದುರು ನಿಲ್ಲಿಸಿ, ತೊಳೆಯದೆ, ಮತ್ತೆ ಮಾಡದೆ ಇರುವುದನ್ನು ಕಲಿಸುತ್ತಾರೆ. ವೈದ್ಯರು "ಒಂದು ದಿನ ಮಡಿ ಇಲ್ಲದೆ ಸಂಧ್ಯಾವಂದನೆ ಮಾಡು" ಎಂದರೆ ಅತ್ತೆಯವರು ಅಡ್ಡ ಬರಬಾರದು. ಬೇಕಾದರೆ ಈ ಪುಟ ತೋರಿಸಿ, ನಾನು ಒಪ್ಪಿದ್ದೇನೆ ಎಂದು ಹೇಳಿ. ಅವನ ಬಾಯಲ್ಲಿ ಯಾವತ್ತಾದರೂ "ಇದ್ದು ಏನು ಪ್ರಯೋಜನ" ಎಂಬ ಮಾತು ಬಂದರೆ ಮಾತ್ರ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಅವತ್ತೇ ಹೊರಡಿ.

ನಿಮ್ಮ ಪಾಲಿನದು ಬಹಳ ಕಷ್ಟದ ಕೆಲಸ. "ತಾಗಿಲ್ಲ ತಾನೇ?" ಎಂದು ಕೇಳಿದಾಗ ನೀವು ಕರುಣೆಯಿಂದ "ಇಲ್ಲಪ್ಪ" ಅನ್ನುತ್ತೀರಿ. ಅದೂ ಒಂದು ಆಚಮನವೇ, ನಿಮ್ಮ ಬಾಯಿಂದ ಅವನು ಮಾಡಿಸಿಕೊಳ್ಳುತ್ತಿದ್ದಾನೆ. ವೈದ್ಯರೊಡನೆ ಮಾತಾಡಿ, ಮಗನಿಗೂ ಮೊದಲೇ ಹೇಳಿ, ಮೆಲ್ಲಗೆ ಕಡಿಮೆ ಮಾಡಿ. ಮನು ಹೇಳಿದ ಬಾಯಿಮಾತಿನ ಶುದ್ಧಿ ಒಂದು ಸಲಕ್ಕೆ ಸಾಕು. ಎರಡನೇ ಸಲ ಕೇಳಿದರೆ "ಹೇಳಿ ಆಗಿದೆ ಮಗು, ಬಾ, ಕಾಫಿ ಕುಡಿ" ಎಂದು ಬೇರೆ ಮಾತಿಗೆ ತಿರುಗಿ. ಅವನು ಅಳಬಹುದು, ಕೂಗಬಹುದು. ಹೊಟ್ಟೆ ಕಿವುಚಿದಂತಾಗುತ್ತದೆ, ಗೊತ್ತು.

ಮದುವೆ ಈಗ ಬೇಡ. ಮದುವೆ ಔಷಧಿ ಅಲ್ಲ. ಬರುವ ಹುಡುಗಿಯನ್ನೂ "ತಾಗಿಲ್ಲ ತಾನೇ?" ಎಂದು ಕೇಳಲು ಇನ್ನೊಬ್ಬಳನ್ನು ತಂದು ಕೂರಿಸಿದ ಹಾಗಾಗುತ್ತದೆ. ಗುಣವಾಗಲಿ, ಆಮೇಲೆ ನೋಡಿ. ಆಗಲೂ ಆ ಮನೆಯವರಿಗೆ ವಿಷಯ ಮುಚ್ಚಿಡಬೇಡಿ. ಹೊಂದಾಣಿಕೆ ನೋಡಲು ನನಗೇ ಜಾತಕ ಕಳಿಸಿದರೂ ಮೊದಲು ಇದನ್ನೇ ಕೇಳುತ್ತೇನೆ.

ಈ ಅಂಕಣ ಓದುವ ಉಳಿದವರಿಗೂ ಒಂದು ಮಾತು ಹೇಳದೆ ಇರಲಾರೆ. 'ಪೂಜೆಯಲ್ಲಿ ಈ ಹತ್ತು ತಪ್ಪು ಮಾಡಿದರೆ ಮನೆಗೆ ಕೇಡು' ಅಂತ ನಮ್ಮಂಥವರು ಬರೆಯುತ್ತೇವೆ, ಮೊಬೈಲಿನಲ್ಲಿ ಹೇಳುತ್ತೇವೆ. ನೂರು ಜನ ಓದಿ ಮರೆಯುತ್ತಾರೆ. ಒಬ್ಬ ಮರೆಯುವುದಿಲ್ಲ, ಅವನು ಆ ಹತ್ತನ್ನೂ ಎದೆಗೆ ಕಟ್ಟಿಕೊಳ್ಳುತ್ತಾನೆ. ನಾನೂ ಹಿಂದೆ ಅಂಥವನ್ನು ಬರೆದಿದ್ದೇನೆ. ಇನ್ನು ಬರೆಯುವುದಿಲ್ಲ.

ತಾಯಿ, ಕೊನೆಯದಾಗಿ ಒಂದು. ಇದನ್ನು ಓದಿದ ಮೇಲೆ ನಿಮ್ಮ ಮಗ ನನಗೇ ಕಾಗದ ಬರೆದು "ಶಾಸ್ತ್ರಿಗಳೇ, ನೀವು ಹೇಳಿದ್ದು ಖಂಡಿತ ತಾನೇ? ಕಾಡುಬತ್ತದ ಮಾತು ನನಗೂ ಅನ್ವಯಿಸುತ್ತದೆ ತಾನೇ?" ಎಂದು ಕೇಳಬಹುದು. ಕೇಳಿಯೇ ಕೇಳುತ್ತಾನೆ. ಆ ಕಾಗದಕ್ಕೆ ನಾನು ಉತ್ತರ ಬರೆಯುವುದಿಲ್ಲ. ಕೋಪದಿಂದಲ್ಲ ಅಂತ ಅವನಿಗೆ ಈಗಲೇ ಹೇಳಿಡಿ. ಚಿಕಿತ್ಸೆ ಶುರುವಾಗಿ, ಒಂದು ದಿನ ಇಪ್ಪತ್ತು ನಿಮಿಷಕ್ಕೆ ಎದ್ದು ಬಂದು ತಿಂಡಿಗೆ ಕೂತ ಎಂದು ನೀವು ಬರೆದರೆ ಆವತ್ತೇ ಉತ್ತರ ಬರೆಯುತ್ತೇನೆ. ತಿಂಡಿ ಏನಿತ್ತು ಎಂಬುದನ್ನೂ ಬರೆಯಿರಿ.